ಬಿಲ್ಲಿನ ಒಂದು ಸಾಲಿನ ಹಿಂದೆ: ನಿಯಂತ್ರಣ ಆಯೋಗಗಳ ಆದೇಶ ಎಲ್ಲಿ ನಿಲ್ಲುತ್ತದೆ, ಎಲ್ಲಿ ಬೀಳುತ್ತದೆ

ಕರ್ನಾಟಕದ ಕರೆಂಟ್ ಬಿಲ್ಲಿನಲ್ಲಿ 2025ರ ಏಪ್ರಿಲ್‌ನಿಂದ ಹೊಸದೊಂದು ಸಾಲು ಸೇರಿಕೊಂಡಿತು: ಪಿಂಚಣಿ ಮತ್ತು ಗ್ರಾಚ್ಯುಟಿ ಸರ್‌ಚಾರ್ಜ್, ಯೂನಿಟ್‌ಗೆ 36 ಪೈಸೆ. ಕೆಪಿಟಿಸಿಎಲ್ (ವಿದ್ಯುತ್ ಪ್ರಸರಣ ಕಂಪನಿ) ಮತ್ತು ಎಸ್ಕಾಂ (ವಿದ್ಯುತ್ ವಿತರಣಾ ಕಂಪನಿ) ನೌಕರರ ನಿವೃತ್ತಿ ಸೌಲಭ್ಯಗಳಲ್ಲಿ ಸರ್ಕಾರದ ಪಾಲು ಎನಿಸಿಕೊಂಡಿದ್ದ ಮೊತ್ತ ಹೀಗೆ ಗ್ರಾಹಕರ ಹೆಗಲೇರಿತು. ಇದನ್ನು ವಿಧಾನಸಭೆ ಮತಕ್ಕೆ ಹಾಕಿದ್ದಲ್ಲ, ಬಜೆಟ್ಟಿನಲ್ಲಿ ಮುಖ್ಯಮಂತ್ರಿ ಓದಿದ್ದೂ ಅಲ್ಲ. ಆದೇಶ ಹೊರಟದ್ದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದಿಂದ. ಕಾಯ್ದೆಯ ಪ್ರಕಾರ ಅಧ್ಯಕ್ಷರೂ ಸೇರಿ ಮೂವರಿಗಿಂತ ಹೆಚ್ಚು ಮಂದಿ ಇರಲಾಗದ ಸಂಸ್ಥೆ ಅದು.

ಷೇರುಪೇಟೆಗೆ ಸೆಬಿ, ಮೊಬೈಲ್‌ಗೆ ಟ್ರಾಯ್, ಫ್ಲ್ಯಾಟಿಗೆ ರೇರಾ, ಬ್ಯಾಂಕಿಗೆ ರಿಸರ್ವ್ ಬ್ಯಾಂಕ್ ಇರುವಂತೆಯೇ ಕರೆಂಟಿಗೆ ಈ ಆಯೋಗ. ಚುನಾಯಿತರಲ್ಲದವರು ಜನರ ಜೇಬಿಗೆ ಕೈಹಾಕುವ ಅಧಿಕಾರವನ್ನು ಯಾವ ಕಟ್ಟುಪಾಡಿನೊಳಗೆ ಚಲಾಯಿಸಬೇಕು ಎಂಬುದೇ ಆಡಳಿತ ಕಾನೂನಿನ ವಿಷಯ. ಆದೇಶ ಹೊರಬಿದ್ದಾಗ 'ಇದು ನ್ಯಾಯವೇ' ಎಂಬ ಜಗಳ ಜೋರಾಗಿ ನಡೆಯುತ್ತದೆ. ಆದರೆ ಕೋರ್ಟು ಆ ಜಗಳಕ್ಕೆ ಇಳಿಯುವುದು ಅಪರೂಪ. ದರ 36 ಪೈಸೆ ಇರಬೇಕೋ 20 ಪೈಸೆಯೋ ಎಂದು ನ್ಯಾಯಮೂರ್ತಿಗಳು ಲೆಕ್ಕ ಹಾಕುತ್ತ ಕೂರುವುದಿಲ್ಲ. ಅವರು ನೋಡುವುದು ಅಧಿಕಾರ ಇತ್ತೇ, ಕೇಳಬೇಕಾದವರನ್ನು ಕೇಳಿದರೇ, ಕಾರಣ ಬರೆದರೇ ಎಂಬುದನ್ನು. ಆದೇಶಗಳು ಬೀಳುವುದು ಹೆಚ್ಚಾಗಿ ಇಲ್ಲಿಯೇ.

ಒಂದೇ ಆಯೋಗ, ಮೂರು ವೇಷ

ಮಾಮೂಲಿ ಸರ್ಕಾರದಲ್ಲಿ ಕಾನೂನು ಮಾಡುವವರು, ಜಾರಿ ಮಾಡುವವರು, ತೀರ್ಪು ಕೊಡುವವರು ಬೇರೆ ಬೇರೆ. ನಿಯಂತ್ರಣ ಸಂಸ್ಥೆಯಲ್ಲಿ ಮೂವರೂ ಒಂದೇ ಕಟ್ಟಡದಲ್ಲಿರುತ್ತಾರೆ. ಸೆಬಿ ವಿನಿಯಮ (ರೆಗ್ಯುಲೇಷನ್) ಬರೆಯುತ್ತದೆ, ತನಿಖೆ ಮಾಡುತ್ತದೆ, ಕೊನೆಗೆ ದಂಡವನ್ನೂ ಹಾಕುತ್ತದೆ. ಹಾಗಾಗಿ ಯಾವುದೇ ಆದೇಶ ಕೈಗೆ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ: ಇದನ್ನು ಹೊರಡಿಸುವಾಗ ಸಂಸ್ಥೆ ಯಾವ ವೇಷದಲ್ಲಿತ್ತು? ಎಲ್ಲಿಗೆ ಹೋಗಬೇಕು, ಏನೆಂದು ವಾದಿಸಬೇಕು ಎಂಬುದನ್ನು ಆ ಉತ್ತರವೇ ನಿರ್ಧರಿಸುತ್ತದೆ.

ಇದನ್ನು ಖಚಿತಪಡಿಸಿದ್ದು ವಿದ್ಯುತ್ ವ್ಯಾಪಾರದ ಕಂಪನಿ ಪಿಟಿಸಿ ಇಂಡಿಯಾ ಮತ್ತು ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ ನಡುವಿನ ಪ್ರಕರಣ. ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2010ರಲ್ಲಿ ಹೇಳಿದ್ದಿಷ್ಟು: ಆಯೋಗ ನಿರ್ದಿಷ್ಟ ಕಂಪನಿಗೆ ದರ ನಿಗದಿ ಮಾಡಿ ಆದೇಶ ಕೊಟ್ಟರೆ ಅದನ್ನು ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಪ್ರಶ್ನಿಸಬಹುದು. ಆದರೆ ಎಲ್ಲರಿಗೂ ಅನ್ವಯಿಸುವ ವಿನಿಯಮ ಮಾಡಿದ್ದರೆ ಅದು ಅಧೀನ ಶಾಸನ, ಎಂದರೆ ಕಾಯ್ದೆ ಕೊಟ್ಟ ಅಧಿಕಾರದಡಿ ಸಂಸ್ಥೆ ಮಾಡಿದ ಕಾನೂನು. ಅದರ ಸಿಂಧುತ್ವವನ್ನು ನ್ಯಾಯಮಂಡಳಿ ಮುಟ್ಟುವಂತಿಲ್ಲ, ರಿಟ್ ಅರ್ಜಿ ಹಿಡಿದು ಹೈಕೋರ್ಟಿಗೇ ಹೋಗಬೇಕು. ಟ್ರಾಯ್ ವಿನಿಯಮಗಳ ವಿಚಾರದಲ್ಲೂ ಸುಪ್ರೀಂ ಕೋರ್ಟು ಬಿಎಸ್‌ಎನ್‌ಎಲ್ ಪ್ರಕರಣದಲ್ಲಿ ಇದನ್ನೇ ಹೇಳಿತು. ಅದೇ ಪಿಟಿಸಿ ತೀರ್ಪಿನಲ್ಲಿ ಇನ್ನೊಂದು ಉಪಯುಕ್ತ ಮಾತಿದೆ. ವಿನಿಯಮ ಇಲ್ಲದಿದ್ದರೂ ಆಯೋಗ ಕಾಯ್ದೆಯಡಿ ಆದೇಶ ಮಾಡಬಹುದು. ಒಮ್ಮೆ ವಿನಿಯಮ ಮಾಡಿಕೊಂಡಮೇಲೆ ಮಾತ್ರ ತನ್ನದೇ ವಿನಿಯಮಕ್ಕೆ ವಿರುದ್ಧವಾಗಿ ಆದೇಶ ಹೊರಡಿಸುವಂತಿಲ್ಲ. ದರದ ಆದೇಶ ಓದುವಾಗ ಪಕ್ಕದಲ್ಲಿ ಅದೇ ಆಯೋಗದ ದರ ವಿನಿಯಮವನ್ನು ಇಟ್ಟುಕೊಳ್ಳಬೇಕಾದದ್ದು ಇದಕ್ಕಾಗಿ.

ಇಲ್ಲಿ ಎಡವುವವರು ಬಹಳ. ವಿನಿಯಮವೇ ಕಾನೂನುಬಾಹಿರ ಎಂದು ನ್ಯಾಯಮಂಡಳಿಯಲ್ಲಿ ವಾದಿಸುತ್ತ ವರ್ಷ ಕಳೆಯುತ್ತಾರೆ. ಇಲ್ಲವೇ ಮೇಲ್ಮನವಿಯ ದಾರಿ ತೆರೆದಿರುವ ಆದೇಶದ ವಿರುದ್ಧ ನೇರ ಹೈಕೋರ್ಟಿಗೆ ಹೋಗಿ, 'ಪರ್ಯಾಯ ಪರಿಹಾರ ಇದೆ' ಎಂಬ ಒಂದೇ ಸಾಲಿಗೆ ಅರ್ಜಿ ವಜಾ ಮಾಡಿಸಿಕೊಳ್ಳುತ್ತಾರೆ. ಆ ಅಡ್ಡಿ ದಾಟಲು 1998ರ ವರ್ಲ್‌ಪೂಲ್ ತೀರ್ಪು ಕಿಂಡಿಗಳನ್ನು ಬಿಟ್ಟಿದೆ: ಮೂಲಭೂತ ಹಕ್ಕಿನ ಪ್ರಶ್ನೆ, ಸಹಜ ನ್ಯಾಯದ (ಬಾಧಿತರ ಮಾತು ಕೇಳಿಯೇ ತೀರ್ಮಾನಿಸಬೇಕೆಂಬ ತತ್ವದ) ಉಲ್ಲಂಘನೆ, ಅಧಿಕಾರವ್ಯಾಪ್ತಿಯೇ ಇಲ್ಲದಿರುವುದು, ಕಾನೂನಿನ ಸಿಂಧುತ್ವವನ್ನೇ ಪ್ರಶ್ನಿಸುವುದು. ಈ ಪೈಕಿ ಯಾವುದರಡಿ ಬಂದಿದ್ದೇವೆ ಎಂದು ಅರ್ಜಿಯ ಮೊದಲ ಪುಟಗಳಲ್ಲೇ ಹೇಳಿಬಿಡುವುದು ಒಳ್ಳೆಯದು.

ಒಂದು ರೂಪಾಯಿ ಪರಿಹಾರ ಬಿದ್ದ ಕಥೆ

2015ರ ಅಕ್ಟೋಬರ್‌ನಲ್ಲಿ ಟ್ರಾಯ್ ಒಂದು ವಿನಿಯಮ ತಂದಿತು. ಮಾತಿನ ಮಧ್ಯೆ ಕಾಲ್ ಕಟ್ಟಾದರೆ ಕರೆ ಮಾಡಿದವರ ಖಾತೆಗೆ ಕಂಪನಿ ಒಂದು ರೂಪಾಯಿ ಜಮಾ ಮಾಡಬೇಕು, ದಿನಕ್ಕೆ ಹೆಚ್ಚೆಂದರೆ ಮೂರು ಕರೆಗಳಿಗೆ. 2016ರ ಜನವರಿ 1ರಿಂದ ಜಾರಿ. ಜನ ಖುಷಿಪಟ್ಟರು, ದೆಹಲಿ ಹೈಕೋರ್ಟೂ ಎತ್ತಿಹಿಡಿಯಿತು. ಆದರೆ 2016ರ ಮೇ 11ರಂದು ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು.

ಗ್ರಾಹಕರಿಗೆ ಪರಿಹಾರ ಕೊಡುವುದೇ ತಪ್ಪೆಂದು ಕೋರ್ಟು ಹೇಳಲಿಲ್ಲ. ಎಡವಟ್ಟು ಟ್ರಾಯ್‌ನ ಕಡತದೊಳಗೇ ಇತ್ತು. ಅದರದೇ ಸೇವಾ ಗುಣಮಟ್ಟದ ವಿನಿಯಮ ಶೇ 2ರಷ್ಟು ಕಾಲ್ ಡ್ರಾಪನ್ನು ಒಪ್ಪಿಕೊಂಡಿತ್ತು. ಆ ಮಿತಿಯೊಳಗಿರುವ ಕಂಪನಿಗೂ ಹೊಸ ವಿನಿಯಮ ದಂಡ ಹಾಕುತ್ತಿತ್ತು. ಅದರದೇ ತಾಂತ್ರಿಕ ಪತ್ರಿಕೆ ಸರಾಸರಿ ಶೇ 36.9ರಷ್ಟು ಕಾಲ್ ಡ್ರಾಪ್ ಗ್ರಾಹಕರ ಕಡೆಯ ಕಾರಣದಿಂದ ಆಗುತ್ತದೆ ಎಂದಿತ್ತು. ಹಾಗಿದ್ದೂ ನೂರಕ್ಕೆ ನೂರು ಹೊಣೆಯನ್ನು ಕಂಪನಿಯ ಮೇಲೆ ಹೊರಿಸಲಾಗಿತ್ತು. ಇನ್ನೊಂದು ದೋಷ ಅಷ್ಟೇ ದೊಡ್ಡದು. ಟ್ರಾಯ್ ಕಾಯ್ದೆಯ ಸೆಕ್ಷನ್ 11(4) ಪಾರದರ್ಶಕತೆ ಕಾಯ್ದುಕೊಳ್ಳಲೇಬೇಕು ಎನ್ನುತ್ತದೆ. ಟ್ರಾಯ್ ಸಮಾಲೋಚನೆ ನಡೆಸಿತ್ತು, ಆಕ್ಷೇಪಣೆಗಳೂ ಬಂದಿದ್ದವು. ಅವನ್ನು ಏಕೆ ತಳ್ಳಿಹಾಕಲಾಯಿತು ಎಂಬುದಕ್ಕೆ ಮಾತ್ರ ಸರಿಯಾದ ಕಾರಣ ಬರೆದಿರಲಿಲ್ಲ. ಅಂಚೆಪೆಟ್ಟಿಗೆ ಇಟ್ಟ ಮಾತ್ರಕ್ಕೆ ಸಮಾಲೋಚನೆ ಆಗುವುದಿಲ್ಲವಲ್ಲ.

ಅದೇ ತೀರ್ಪಿನ ಕೊನೆಯಲ್ಲಿ ಕೋರ್ಟು ಸಂಸತ್ತಿಗೊಂದು ಸಲಹೆ ಕೊಟ್ಟಿತು: ಅಮೆರಿಕದ 1946ರ ಆಡಳಿತ ವಿಧಾನ ಕಾಯ್ದೆಯಂತೆ, ಅಧೀನ ಶಾಸನ ಮಾಡುವ ಮೊದಲು ಕರಡು ಪ್ರಕಟಿಸಿ, ಅಭಿಪ್ರಾಯ ಪಡೆದು, ಕಾರಣ ಸಮೇತ ಉತ್ತರಿಸುವುದನ್ನು ಎಲ್ಲ ಸಂಸ್ಥೆಗಳಿಗೂ ಕಡ್ಡಾಯ ಮಾಡುವ ಕಾನೂನು ತರಬಹುದು. ಅಂಥ ಸಾಮಾನ್ಯ ಕಾಯ್ದೆ ಬಂದಿಲ್ಲ. ಇರುವುದೆಲ್ಲ ತೇಪೆ.

ಮೂಲ ಕಾಯ್ದೆಯಲ್ಲಿ 'ಪೂರ್ವ ಪ್ರಕಟಣೆಯ ನಂತರ' ಎಂಬ ಮಾತಿದ್ದರೆ 1897ರ ಸಾಮಾನ್ಯ ಖಂಡಗಳ ಕಾಯ್ದೆಯ ಸೆಕ್ಷನ್ 23 ಅನ್ವಯಿಸುತ್ತದೆ. ಕರಡು ಪ್ರಕಟಿಸಬೇಕು, ಯಾವ ದಿನದ ನಂತರ ಪರಿಶೀಲಿಸುತ್ತೇವೆಂದು ತಿಳಿಸಬೇಕು, ಅಷ್ಟರೊಳಗೆ ಬಂದ ಆಕ್ಷೇಪಣೆ ನೋಡಬೇಕು. ಇದರಲ್ಲೊಂದು ಮುಳ್ಳಿದೆ: ಅಂತಿಮ ವಿನಿಯಮ ರಾಜ್ಯಪತ್ರದಲ್ಲಿ ಬಂತೆಂದರೆ, ಪೂರ್ವ ಪ್ರಕಟಣೆ ಸರಿಯಾಗಿ ಆಗಿದೆ ಎಂಬುದಕ್ಕೆ ಅದೇ ನಿರ್ಣಾಯಕ ಸಾಕ್ಷ್ಯ. ಕೇಂದ್ರದ 2014ರ ಶಾಸನಪೂರ್ವ ಸಮಾಲೋಚನಾ ನೀತಿ ಅಭಿಪ್ರಾಯ ಹೇಳಲು ಜನರಿಗೆ 30 ದಿನ ಕೊಡಿ ಎನ್ನುತ್ತದೆ. ಆದರೆ ಅದು ನೀತಿ, ಕಾನೂನಲ್ಲ. ದಿವಾಳಿತನ ಮಂಡಳಿ 2018ರಲ್ಲಿ ತಾನೇ ವಿನಿಯಮ ಮಾಡಿಕೊಂಡು 21 ದಿನದ ಗಡುವು ಹಾಕಿಕೊಂಡಿತು. ಸೆಬಿ 2025ರ ಫೆಬ್ರುವರಿಯಲ್ಲಿ, ರಿಸರ್ವ್ ಬ್ಯಾಂಕ್ ಅದೇ ವರ್ಷದ ಮೇನಲ್ಲಿ ಅದೇ ದಾರಿ ಹಿಡಿದವು. ಸ್ವಾಗತಾರ್ಹವೇ. ಆದರೆ ಸಂಸ್ಥೆ ತನಗೆ ತಾನೇ ಹಾಕಿಕೊಂಡ ಲಗಾಮು ಇದು, ಸಡಿಲಿಸುವ ಕೈಯೂ ಅದರದೇ. ಸಾರ್ವಜನಿಕ ಹಿತಕ್ಕಾಗಿ ತುರ್ತು ಇದ್ದರೆ ಸಮಾಲೋಚನೆ ಬೇಡ ಎಂಬ ವಿನಾಯಿತಿಯೂ ಇಂಥ ಚೌಕಟ್ಟುಗಳಲ್ಲಿರುತ್ತದೆ. ಆ ಬಾಗಿಲನ್ನು ಎಷ್ಟು ಸಲ ತೆರೆಯುತ್ತಾರೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ವಿನಿಯಮಗಳನ್ನು ಸದನದ ಮುಂದೆ 30 ದಿನ ಮಂಡಿಸಬೇಕೆಂಬ ಷರತ್ತು ಬಹುತೇಕ ಎಲ್ಲ ಕಾಯ್ದೆಯಲ್ಲೂ ಇದೆ. ಅದರಿಂದ ಹೆಚ್ಚು ನಿರೀಕ್ಷಿಸಬೇಡಿ. ಸದನ ತಾನಾಗಿ ಎದ್ದು ಬೇಡವೆನ್ನದಿದ್ದರೆ ವಿನಿಯಮ ಸುಮ್ಮನೆ ಮುಂದುವರಿಯುತ್ತದೆ.

ದರ ಪರಿಷ್ಕರಣೆ: ಆಕ್ಷೇಪಣೆ ಎಲ್ಲಿ ಚುಚ್ಚುತ್ತದೆ

ಸಾಮಾನ್ಯ ಜನ ನೇರವಾಗಿ ಪಾಲ್ಗೊಳ್ಳಬಹುದಾದ ನಿಯಂತ್ರಣ ಪ್ರಕ್ರಿಯೆ ಎಂದರೆ ವಿದ್ಯುತ್ ದರದ್ದು. 2003ರ ವಿದ್ಯುಚ್ಛಕ್ತಿ ಕಾಯ್ದೆಯ ಸೆಕ್ಷನ್ 64ರಂತೆ ಎಸ್ಕಾಂ ಅರ್ಜಿ ಹಾಕುತ್ತದೆ, ಅದರ ಸಾರಾಂಶ ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ, ಸಾರ್ವಜನಿಕರ ಸಲಹೆ–ಆಕ್ಷೇಪಣೆ ಪರಿಶೀಲಿಸಿ ಆಯೋಗ 120 ದಿನದೊಳಗೆ ಆದೇಶ ಕೊಡಬೇಕು. ಇಂಧನದ ಬೆಲೆ ಏರಿಳಿತಕ್ಕೆ ಮಾಡುವ ಹೊಂದಾಣಿಕೆಯಂಥದ್ದನ್ನು ಬಿಟ್ಟರೆ ಒಂದು ಆರ್ಥಿಕ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ದರ ಬದಲಿಸುವುದು ಸಾಮಾನ್ಯವಾಗಿ ಸಲ್ಲದು.

ಪತ್ರಿಕಾ ಪ್ರಕಟಣೆಯಲ್ಲಿ ಗಡುವು ಮತ್ತು ಪ್ರತಿಗಳ ಸಂಖ್ಯೆ ಇರುತ್ತದೆ. ಆಕ್ಷೇಪಣೆಯನ್ನು ಅಫಿಡವಿಟ್ ಸಮೇತ ಆಯೋಗಕ್ಕೆ ಕೊಟ್ಟು, ಒಂದು ಪ್ರತಿ ಎಸ್ಕಾಂಗೂ ತಲುಪಿಸಿ, ಸ್ವೀಕೃತಿ ಇಟ್ಟುಕೊಳ್ಳಬೇಕು. ಬಹಿರಂಗ ವಿಚಾರಣೆಯಲ್ಲಿ ಮಾತಾಡಲು ಇಚ್ಛೆ ಇದ್ದರೆ ಅದನ್ನು ಅದರಲ್ಲೇ ಬರೆಯಬೇಕು.

ಬರುವ ಆಕ್ಷೇಪಣೆಗಳಲ್ಲಿ ಹೆಚ್ಚಿನವು 'ಬೆಲೆ ಏರಿದೆ, ಬಡವರಿಗೆ ಹೊರೆ, ಏರಿಕೆ ಬೇಡ' ಎನ್ನುತ್ತವೆ. ನಿಜವೇ ಇರಬಹುದು. ಆದರೆ ಆಯೋಗಕ್ಕೆ ಅದನ್ನು 'ಗಮನಿಸಲಾಗಿದೆ' ಎಂದು ಮುಗಿಸುವುದು ಸುಲಭ. ಉತ್ತರ ಕೊಡಲೇಬೇಕಾದ ಆಕ್ಷೇಪಣೆ ಎಂದರೆ ಅರ್ಜಿಯ ಅಂಕಿಗೇ ಕೈಹಾಕುವುದು. ಕರ್ನಾಟಕದಲ್ಲಿ ಅಂಥ ಜಾಗ ಯಾವುದೆಂದು ಈ ಕ್ಷೇತ್ರದವರಿಗೆಲ್ಲ ಗೊತ್ತು: ಕೃಷಿ ಪಂಪ್‌ಸೆಟ್ ಬಳಕೆ.

10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ಕರೆಂಟ್ ಉಚಿತ. ಬಹುಪಾಲಿಗೆ ಮೀಟರ್ ಓದುವ ಪದ್ಧತಿಯಿಲ್ಲ, ಬಳಕೆ ಅಂದಾಜಿನದು. ಲೆಕ್ಕ ತಿಳಿಯಾಗಲೆಂದು ಒಂದು ಕಲ್ಪಿತ ಉದಾಹರಣೆ ನೋಡೋಣ. ಕಂಪನಿಯ ಜಾಲಕ್ಕೆ 100 ಯೂನಿಟ್ ಬಂತು, ಮೀಟರಿನಲ್ಲಿ ಮಾರಾಟವಾದದ್ದು 62. ಉಳಿದ 38ರಲ್ಲಿ ಪಂಪ್‌ಸೆಟ್ ಎಷ್ಟು, ಸೋರಿಕೆ ಎಷ್ಟು? ಪಂಪ್‌ಸೆಟ್ 26 ಎಂದರೆ ವಿತರಣಾ ನಷ್ಟ 12 ಆಗುತ್ತದೆ, ಪಂಪ್‌ಸೆಟ್ 20 ಎಂದರೆ ನಷ್ಟ 18ಕ್ಕೆ ಏರುತ್ತದೆ. ಮೊದಲ ಲೆಕ್ಕದಲ್ಲಿ ಕಂಪನಿ ದಕ್ಷವಾಗಿ ಕಾಣುತ್ತದೆ, ಸರ್ಕಾರದಿಂದ 26 ಯೂನಿಟ್‌ಗೆ ಸಹಾಯಧನವೂ ಬರುತ್ತದೆ. ಎರಡನೆಯದರಲ್ಲಿ ಆಯೋಗ ನಿಗದಿ ಮಾಡಿದ ನಷ್ಟದ ಮಿತಿ ದಾಟಿದ್ದಕ್ಕೆ ಕಂಪನಿಯೇ ಕೈಯಿಂದ ಕಟ್ಟಬೇಕಾದೀತು. ಒಂದು ಲಕ್ಷ ಪಂಪ್‌ಸೆಟ್‌ಗೆ ವರ್ಷಕ್ಕೆ ತಲಾ 8,000 ಯೂನಿಟ್ ಎಂದು ತೋರಿಸಿದರೆ 80 ಕೋಟಿ ಯೂನಿಟ್. ಪಂಪ್‌ಸೆಟ್‌ಗಳಿಗೆಂದೇ ಪ್ರತ್ಯೇಕಿಸಿದ ಫೀಡರ್‌ಗಳ (ವಿದ್ಯುತ್ ಮಾರ್ಗಗಳ) ಮೀಟರ್ ಓದಿನಿಂದ ತಲಾ 7,000 ಮಾತ್ರ ಬರುತ್ತದೆ ಎಂದು ತೋರಿಸಿದರೆ 10 ಕೋಟಿ ಯೂನಿಟ್ ಸೋರಿಕೆಯ ಖಾತೆಗೆ ಹೋಗುತ್ತದೆ. ಯೂನಿಟ್‌ಗೆ 6 ರೂಪಾಯಿ ಹಿಡಿದರೂ 60 ಕೋಟಿ ರೂಪಾಯಿ.

ಹಾಗಾಗಿ ಕೇಳಬೇಕಾದದ್ದು ಇವು: ಫೀಡರ್‌ವಾರು ತಿಂಗಳ ಓದು, ಚಾಲ್ತಿಯಲ್ಲಿರುವ ಪಂಪ್‌ಸೆಟ್‌ಗಳ ಸಂಖ್ಯೆ, ಬತ್ತಿದ ಕೊಳವೆಬಾವಿಗಳನ್ನು ಕಳೆದಿದ್ದಾರೆಯೇ, ಫೀಡರಿನಿಂದ ಪಂಪಿನವರೆಗಿನ ನಷ್ಟ ಎಷ್ಟು ಹಿಡಿದಿದ್ದಾರೆ. ಇದಕ್ಕೆ ಉತ್ತರ ಬರದೆ ಆದೇಶ ಹೊರಟರೆ, 'ಆಕ್ಷೇಪಣೆ ಪರಿಗಣಿಸಿಲ್ಲ' ಎಂಬ ಮೇಲ್ಮನವಿಗೆ ಅಲ್ಲೇ ಅಡಿಪಾಯ ಬಿದ್ದಂತೆ. ಆಕ್ಷೇಪಣೆಯಲ್ಲಿ ಎತ್ತದ ಅಂಶವನ್ನು ಮೇಲ್ಮನವಿಯಲ್ಲಿ ಮೊದಲ ಸಲ ಎತ್ತಿದರೆ ಕಿವಿಗೊಡುವವರು ಕಡಿಮೆ.

ಸರ್ಕಾರದ ಕೈ ಎಷ್ಟು ದೂರ ಚಾಚಬಹುದು ಎಂಬುದೂ ಕಾಯ್ದೆಯಲ್ಲೇ ಇದೆ. ಸೆಕ್ಷನ್ 108ರಡಿ ಸಾರ್ವಜನಿಕ ಹಿತಾಸಕ್ತಿಯ ನೀತಿ ವಿಷಯಗಳಲ್ಲಿ ರಾಜ್ಯ ಸರ್ಕಾರ ಲಿಖಿತ ನಿರ್ದೇಶನ ಕೊಡಬಹುದು, ಆಯೋಗ ಅದನ್ನು ಮಾರ್ಗದರ್ಶಿಯಾಗಿ ಇಟ್ಟುಕೊಳ್ಳಬೇಕು. ದರ ಇಷ್ಟೇ ಇರಲಿ ಎಂದು ಹೇಳುವ ಪರವಾನಗಿ ಅದಲ್ಲ. ಉಚಿತವಾಗಿ ಕೊಡಬೇಕೆಂದರೆ ಸೆಕ್ಷನ್ 65ರ ಪ್ರಕಾರ ಆ ಮೊತ್ತವನ್ನು ಸರ್ಕಾರ ಮುಂಗಡವಾಗಿ ಕಟ್ಟಬೇಕು. ಕಟ್ಟದಿದ್ದರೆ ಸಹಾಯಧನದ ನಿರ್ದೇಶನ ಜಾರಿಯಲ್ಲಿರುವುದಿಲ್ಲ, ಆಯೋಗದ ಮೂಲ ದರವೇ ಅನ್ವಯ. ಕಾಗದದ ಮೇಲೆ ಇಷ್ಟು ಸ್ಪಷ್ಟ. ಆದರೆ ದೇಶದ ಹಲವು ಆಯೋಗಗಳು ರಾಜಕೀಯ ಬಿಸಿ ತಾಗದಂತೆ ಏರಿಕೆಯನ್ನು ಮುಂದೂಡಿ, ವಸೂಲಾಗದ ವೆಚ್ಚವನ್ನು 'ನಿಯಂತ್ರಣ ಆಸ್ತಿ' ಎಂಬ ಹೆಸರಲ್ಲಿ ಪುಸ್ತಕದಲ್ಲಿ ಬೆಳೆಸಿದವು. ಹೆಸರು ಆಸ್ತಿ, ವಾಸ್ತವದಲ್ಲಿ ಮುಂದಿನ ಗ್ರಾಹಕನ ಸಾಲ. ದೆಹಲಿಯ ವಿತರಣಾ ಕಂಪನಿಗಳ ಪ್ರಕರಣದಲ್ಲಿ 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಇದನ್ನು ನಿಯಂತ್ರಣದ ವೈಫಲ್ಯವೆಂದೇ ಕರೆದು, ತೀರಿಸುವ ದಾರಿ ಹಾಕಿಕೊಳ್ಳಲು ಆಯೋಗಗಳಿಗೆ ಹೇಳಿತು.

ನೋಟಿಸ್ ಬಂದಾಗ

ಈಗ ತೀರ್ಪು ಕೊಡುವ ವೇಷ. ಪರವಾನಗಿ ರದ್ದು, ದಂಡ, ಕಪ್ಪುಪಟ್ಟಿ ಇವೆಲ್ಲ ಶುರುವಾಗುವುದು ಕಾರಣ ಕೇಳುವ ನೋಟಿಸಿನಿಂದ. ಅದರಲ್ಲಿ ನಾಲ್ಕು ಅಂಶ ಇರಬೇಕು: ಯಾವ ಸೆಕ್ಷನ್, ಯಾವ ಘಟನೆ, ಯಾವ ದಾಖಲೆ, ಯಾವ ಶಿಕ್ಷೆ. ಕೊನೆಯದನ್ನು ಅಧಿಕಾರಿಗಳು ಆಗಾಗ ಬಿಟ್ಟುಬಿಡುತ್ತಾರೆ. 'ನಿಯಮಾನುಸಾರ ಕ್ರಮ' ಎಂದು ಬರೆದು, ಕೊನೆಗೆ ಕಪ್ಪುಪಟ್ಟಿಗೆ ಸೇರಿಸಿದರೆ ಆ ಆದೇಶ ನಿಲ್ಲುವುದು ಕಷ್ಟ. 2014ರ ಗೂರ್ಖಾ ಸೆಕ್ಯುರಿಟಿ ತೀರ್ಪು ಇದನ್ನೇ ಹೇಳಿದ್ದು: ಕಪ್ಪುಪಟ್ಟಿಯ ಪ್ರಸ್ತಾಪ ನೋಟಿಸಿನಲ್ಲೇ ಕಾಣಬೇಕು.

ಉತ್ತರ ಬರೆಯುವ ಮೊದಲು ದಾಖಲೆ ಕೇಳಿ. ತಕಾನೊ ಮತ್ತು ಸೆಬಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2022ರಲ್ಲಿ, ಆರೋಪಕ್ಕೆ ಸಂಬಂಧಪಟ್ಟ ತನಿಖಾ ವರದಿಯನ್ನು ಎದುರಿನವರಿಗೆ ಕೊಡಬೇಕು ಎಂದಿತು. ಮೂರನೆಯವರ ಖಾಸಗಿ ಮಾಹಿತಿ, ಮಾರುಕಟ್ಟೆಯ ಸ್ಥಿರತೆಗೆ ಧಕ್ಕೆ ತರುವಂಥದ್ದನ್ನು ತೆಗೆದಿರಿಸಬಹುದು ಅಷ್ಟೆ. 'ಅದು ನಮ್ಮ ಆಂತರಿಕ ವರದಿ' ಎಂಬ ಹಳೆಯ ಉತ್ತರ ಈಗ ಸಾಲದು. ಮರುವರ್ಷ, ಸ್ಟೇಟ್ ಬ್ಯಾಂಕ್ ಮತ್ತು ರಾಜೇಶ್ ಅಗರ್‌ವಾಲ್ ಪ್ರಕರಣದಲ್ಲಿ, ಸಾಲಗಾರರ ಖಾತೆಯನ್ನು ವಂಚನೆ ಎಂದು ಘೋಷಿಸುವ ಮುನ್ನ ಅವರ ಮಾತು ಕೇಳಬೇಕೆಂದು ಕೋರ್ಟು ಹೇಳಿತು. ರಿಸರ್ವ್ ಬ್ಯಾಂಕಿನ ನಿರ್ದೇಶನದಲ್ಲಿ ಹಾಗೆ ಬರೆದಿರಲಿಲ್ಲ. ಬರೆದಿಲ್ಲದಿದ್ದರೂ ಸಹಜ ನ್ಯಾಯವನ್ನು ಅದರೊಳಗೆ ಓದಿಕೊಳ್ಳಬೇಕು ಎಂಬುದೇ ತೀರ್ಪಿನ ತಿರುಳು.

ವಿಚಾರಣೆ ನಡೆದಮೇಲೆ ಇನ್ನೊಂದು ಕಡೆ ಕಾಲು ಜಾರುತ್ತದೆ. ಒಬ್ಬ ಸದಸ್ಯರು ವಾದ ಕೇಳಿ ಆದೇಶ ಕಾಯ್ದಿರಿಸುತ್ತಾರೆ, ಅಷ್ಟರಲ್ಲಿ ನಿವೃತ್ತಿ. ಬಂದ ಹೊಸಬರು ಕಡತ ಓದಿ ಆದೇಶಕ್ಕೆ ಸಹಿ ಹಾಕುತ್ತಾರೆ. ಕೇಳಿದವರೇ ತೀರ್ಮಾನಿಸಬೇಕು ಎಂಬುದು 1959ರ ಗುಳ್ಳಪಲ್ಲಿ ನಾಗೇಶ್ವರ ರಾವ್ ತೀರ್ಪಿನಷ್ಟು ಹಳೆಯ ಸೂತ್ರ. ಆದ್ದರಿಂದ ಆದೇಶದ ಕೊನೆಯ ಪುಟದ ಸಹಿಗಳನ್ನೂ ದಿನವಹಿಯಲ್ಲಿ (ಪ್ರತಿ ವಿಚಾರಣೆಯ ದಿನ ಬರೆದಿಡುವ ದಾಖಲೆಯಲ್ಲಿ) ವಾದ ಕೇಳಿದ ದಿನ ಹಾಜರಿದ್ದವರ ಹೆಸರುಗಳನ್ನೂ ತಾಳೆ ನೋಡುವುದು ಐದು ನಿಮಿಷದ ಕೆಲಸ.

ಇನ್ನು ಕಾರಣಗಳು. ಆದೇಶದಲ್ಲಿ ಬರೆಯದ ಕಾರಣವನ್ನು ಆಮೇಲೆ ಕೋರ್ಟಿನಲ್ಲಿ ಅಫಿಡವಿಟ್ ಹಾಕಿ ತುಂಬಿಸುವಂತಿಲ್ಲ. 1978ರ ಮೊಹಿಂದರ್ ಸಿಂಗ್ ಗಿಲ್ ತೀರ್ಪು ಬಂದು ಇಷ್ಟು ವರ್ಷವಾದರೂ ಸರ್ಕಾರಿ ವಕೀಲರು ಆ ಪ್ರಯತ್ನ ಬಿಟ್ಟಿಲ್ಲ. ಉತ್ತರವನ್ನು ಎರಡು ಪುಟ ಎತ್ತಿ ಬರೆದು, 'ಸಮಂಜಸವಾಗಿಲ್ಲದ ಕಾರಣ ತಿರಸ್ಕರಿಸಲಾಗಿದೆ' ಎಂದು ಮುಗಿಸುವ ಆದೇಶಗಳು ಇಂದಿಗೂ ದಂಡಿಯಾಗಿ ಸಿಗುತ್ತವೆ. ಆರ್‌ಟಿಐ ಕಾಯ್ದೆಯ ಸೆಕ್ಷನ್ 4(1)(ಡಿ) ಕೂಡ ಬಾಧಿತರಿಗೆ ತೀರ್ಮಾನದ ಕಾರಣ ಕೊಡಬೇಕು ಎನ್ನುತ್ತದೆ. ಅದನ್ನು ಉಲ್ಲೇಖಿಸಿ ಪತ್ರ ಬರೆಯುವವರು ಕಡಿಮೆ.

ಸುತ್ತೋಲೆ ಎಂಬ ಓಣಿದಾರಿ

ಕರಡು, ಗಡುವು, ಸದನದ ಮಂಡನೆ ಯಾವುದೂ ಬೇಡವಾದಾಗ ಸಂಸ್ಥೆಗಳು ಹಿಡಿಯುವುದು ಸುತ್ತೋಲೆಯನ್ನು. ಸುತ್ತೋಲೆಯ ಮೊದಲ ಪ್ಯಾರಾದಲ್ಲಿ ಅಥವಾ ಕೊನೆಯಲ್ಲಿ 'ಸೆಕ್ಷನ್ ಇಂತಿಂಥದ್ದರ ಅಧಿಕಾರ ಚಲಾಯಿಸಿ' ಎಂಬ ಸಾಲಿರುತ್ತದೆ, ಪ್ರಾಣ ಇರುವುದು ಅದರಲ್ಲಿ. ಸುಸ್ತಿ ಸಾಲಗಳ ಬಗ್ಗೆ ರಿಸರ್ವ್ ಬ್ಯಾಂಕ್ 2018ರ ಫೆಬ್ರುವರಿ 12ರಂದು ಹೊರಡಿಸಿದ ಸುತ್ತೋಲೆ 2019ರಲ್ಲಿ ಧರಣಿ ಶುಗರ್ಸ್ ಪ್ರಕರಣದಲ್ಲಿ ಬಿದ್ದದ್ದು ಅಲ್ಲೇ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ ಸೆಕ್ಷನ್ 35ಎಎ ನಿರ್ದಿಷ್ಟ ಸುಸ್ತಿಗಳಿಗೆ, ಅದೂ ಕೇಂದ್ರ ಸರ್ಕಾರದ ಅನುಮತಿಯೊಂದಿಗೆ, ನಿರ್ದೇಶನ ಕೊಡುವ ಅಧಿಕಾರ. ಅದನ್ನು ಎಲ್ಲರಿಗೂ ಒಟ್ಟಾಗಿ ಅನ್ವಯಿಸಲಾಗಿತ್ತು. ಕ್ರಿಪ್ಟೊ ವ್ಯವಹಾರಕ್ಕೆ ಬ್ಯಾಂಕ್ ಸೇವೆ ನಿಲ್ಲಿಸಿದ 2018ರ ಏಪ್ರಿಲ್ ಸುತ್ತೋಲೆಯ ಗತಿ ಬೇರೆ. ಅಲ್ಲಿ ಅಧಿಕಾರ ಇದೆ ಎಂದೇ ಕೋರ್ಟು ಒಪ್ಪಿತು. ಆದರೆ ಬ್ಯಾಂಕುಗಳಿಗೆ ಆದ ಹಾನಿ ಏನೆಂದು ತೋರಿಸದೆ ಇಷ್ಟು ಬಿಗಿ ಕ್ರಮ ಅತಿಯಾಯಿತು ಎಂದು 2020ರ ಮಾರ್ಚ್‌ನಲ್ಲಿ ರದ್ದುಮಾಡಿತು. ಒಂದು ಬಿದ್ದದ್ದು ಅಧಿಕಾರವಿಲ್ಲದೆ, ಇನ್ನೊಂದು ಪುರಾವೆಯಿಲ್ಲದೆ.

ಗೆದ್ದಮೇಲೆ ಕೈಗೆ ಬರುವುದು

ವಿದ್ಯುತ್ ಆಯೋಗದ ಆದೇಶದ ವಿರುದ್ಧ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಲು 45 ದಿನ, ಸೆಬಿ ಆದೇಶಕ್ಕೂ ಅಷ್ಟೇ, ರೇರಾದ್ದಕ್ಕೆ 60. ಎಣಿಕೆ ಆದೇಶದ ತಾರೀಖಿನಿಂದಲ್ಲ, ಪ್ರತಿ ಕೈಸೇರಿದ ದಿನದಿಂದ. ಲಕೋಟೆಯನ್ನು ಎಸೆಯಬೇಡಿ, ಇ-ಮೇಲ್ ಅಳಿಸಬೇಡಿ. ವಿದ್ಯುತ್ ನ್ಯಾಯಮಂಡಳಿಯಿಂದ ಸುಪ್ರೀಂ ಕೋರ್ಟಿಗೆ 60 ದಿನ, ಕಾರಣ ಇದ್ದರೆ ಇನ್ನೊಂದು 60. ಆ 120 ದಾಟಿದರೆ ಎಂಥ ಕಾರಣವೂ ನಡೆಯದೆಂದು 2010ರ ಛತ್ತೀಸ್‌ಗಢ ವಿದ್ಯುತ್ ಮಂಡಳಿ ತೀರ್ಪು ಹೇಳಿದೆ.

ವಿಧಾನದ ದೋಷದ ಮೇಲೆ ಗೆದ್ದರೆ ಸಿಗುವುದು ಹೆಚ್ಚಾಗಿ ಮರುವಿಚಾರಣೆ. ಕಡತ ಅದೇ ಆಯೋಗಕ್ಕೆ ಮರಳುತ್ತದೆ, ಈ ಸಲ ಅವರು ನೋಟಿಸ್ ಸರಿಯಾಗಿ ಕೊಟ್ಟು, ಕಾರಣವನ್ನು ಪುಟಗಟ್ಟಲೆ ಬರೆದು ಅದೇ ತೀರ್ಮಾನಕ್ಕೆ ಬರಬಹುದು. ಹಾಗಾಗಿ ಅಷ್ಟರೊಳಗೆ ವಸೂಲಾದ ಹಣದ ಗತಿಯೇನು ಎಂಬುದನ್ನು ಮೊದಲೇ ಪ್ರಾರ್ಥನೆಯಲ್ಲಿ (ಕೋರ್ಟಿನಿಂದ ಏನು ಬೇಕೆಂದು ಕೇಳುವ ಭಾಗದಲ್ಲಿ) ಸೇರಿಸದ ಅರ್ಜಿ ಅರ್ಧ ಅರ್ಜಿಯೇ. ತಡೆಯಾಜ್ಞೆ ಸಿಗದಿದ್ದರೂ, 'ಅಂತಿಮ ತೀರ್ಪಿಗೆ ಒಳಪಟ್ಟು' ಎಂಬ ಮಾತನ್ನಾದರೂ ಮಧ್ಯಂತರ ಆದೇಶದಲ್ಲಿ ಬರೆಸಿಕೊಳ್ಳಬೇಕು.

ರೇರಾದಲ್ಲಿ ಮನೆ ಕೊಂಡವರ ಪಾಡು ಇದಕ್ಕೆ ತದ್ವಿರುದ್ಧ. ಅಲ್ಲಿ ಆದೇಶ ನಿಲ್ಲುತ್ತದೆ, ಹಣ ಬರುವುದಿಲ್ಲ. ಬಿಲ್ಡರ್ ಮೇಲ್ಮನವಿಗೆ ಹೋಗಬೇಕಾದರೆ ಸೆಕ್ಷನ್ 43(5)ರಂತೆ ಗ್ರಾಹಕನಿಗೆ ಕೊಡಬೇಕಾದ ಪೂರ್ತಿ ಮೊತ್ತವನ್ನು, ಬಡ್ಡಿ ಸಮೇತ, ಮೊದಲೇ ಠೇವಣಿ ಇಡಬೇಕು. 2021ರ ನ್ಯೂಟೆಕ್ ತೀರ್ಪು ಈ ಷರತ್ತನ್ನು ಎತ್ತಿಹಿಡಿದಿದೆ. ಮೇಲ್ಮನವಿಗೂ ಹೋಗದೆ, ಹಣವನ್ನೂ ಕೊಡದೆ ಸುಮ್ಮನೆ ಕುಳಿತ ಬಿಲ್ಡರ್ ವಿರುದ್ಧ ಉಳಿಯುವುದು ಸೆಕ್ಷನ್ 40(1): ಭೂಕಂದಾಯ ಬಾಕಿಯಂತೆ ವಸೂಲಿ. ರೇರಾ ವಸೂಲಿ ಪ್ರಮಾಣಪತ್ರ ಕೊಡುತ್ತದೆ, ಅದು ಜಿಲ್ಲಾಧಿಕಾರಿಗೆ ಹೋಗುತ್ತದೆ, ಅಲ್ಲಿಂದ ತಹಶೀಲ್ದಾರರ ಮೇಜಿಗೆ. ಪ್ರಮಾಣಪತ್ರದಲ್ಲಿ ಕಂಪನಿಯ ಹೆಸರು ಮಾತ್ರ ಇದ್ದು, ಜಪ್ತಿ ಮಾಡಬಹುದಾದ ಸರ್ವೆ ನಂಬರ್, ಬ್ಯಾಂಕ್ ಖಾತೆ, ಮಾರಾಟವಾಗದ ಫ್ಲ್ಯಾಟುಗಳ ವಿವರ ಇಲ್ಲದಿದ್ದರೆ ಕಡತ ಅಲ್ಲೇ ಮಲಗುತ್ತದೆ. ಯೋಜನೆಯ ರೇರಾ ಪುಟದಿಂದ ಖಾತೆ ಸಂಖ್ಯೆಯನ್ನೂ ಉಳಿದ ಫ್ಲ್ಯಾಟುಗಳ ಪಟ್ಟಿಯನ್ನೂ, ಸರ್ವೆ ನಂಬರಿಗೆ ಋಣಭಾರ ಪತ್ರವನ್ನೂ ತೆಗೆದು ವಸೂಲಿ ಅರ್ಜಿಯೊಂದಿಗೇ ಲಗತ್ತಿಸಿದವರ ಕಡತಕ್ಕೆ ತಾಲ್ಲೂಕು ಕಚೇರಿಯಲ್ಲಿ ಜಪ್ತಿ ನೋಟಿಸ್ ಬರೆಯಲು ಬೇಕಾದದ್ದೆಲ್ಲ ಸಿಕ್ಕಿರುತ್ತದೆ.